ಕೆಲಸದ ಸ್ಥಳದಲ್ಲಿ ಫ್ಲೂ ತಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲೂ ಹರಡುವ ಕಾಲ ಹತ್ತಿರವಾದಂತೆ ಕಚೇರಿ, ಕಾರ್ಖಾನೆ, ಅಂಗಡಿ, ಕಾಲ್ ಸೆಂಟರ್‌ಗಳಲ್ಲಿ ಹೆಚ್ಚೂಕಡಿಮೆ ಒಂದೇ ಬಗೆಯ ಪ್ರಶ್ನೆಗಳು ಏಳುತ್ತವೆ. ಲಸಿಕೆ ನಿಜಕ್ಕೂ ಬೇಕೇ, ಬಂದ ಜ್ವರ ಫ್ಲೂ ಹೌದೋ ಅಲ್ಲವೋ, ಎಷ್ಟು ದಿನ ರಜೆ ಹಾಕಬೇಕು, ಆಡಳಿತ ವರ್ಗ ಮಾಡಬೇಕಾದ್ದೇನು ಎಂಬಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ನೌಕರರು, ಮೇಲ್ವಿಚಾರಕರು ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಈಗಾಗಲೇ ಬೇರೆ ಕಾಯಿಲೆ ಇರುವವರು ತಮ್ಮ ವೈದ್ಯರ ಮಾತನ್ನೇ ಅಂತಿಮವೆಂದು ತಿಳಿಯಬೇಕು.

ಫ್ಲೂ ಎಂದರೆ ಜೋರಾದ ನೆಗಡಿ ತಾನೇ?

ಅಲ್ಲ. ನೆಗಡಿಯನ್ನು ತರುವ ವೈರಸ್‌ಗಳು ಬೇರೆ, ಫ್ಲೂ ತರುವ ಇನ್‌ಫ್ಲುಯೆಂಜಾ ವೈರಸ್ ಬೇರೆ. ನೆಗಡಿ ಮೂಗು ಸೋರುವುದರಿಂದ ಶುರುವಾಗಿ ನಿಧಾನವಾಗಿ ಏರುತ್ತದೆ. ಅದು ಬಂದವರು ಮೂಗು ಒರೆಸಿಕೊಳ್ಳುತ್ತಲೇ ಅಂದಿನ ಕೆಲಸ ಮುಗಿಸಬಲ್ಲರು. ಫ್ಲೂ ಹಾಗಲ್ಲ. ಬೆಳಿಗ್ಗೆ ಚೆನ್ನಾಗಿಯೇ ಇದ್ದವರಿಗೆ ಮಧ್ಯಾಹ್ನದ ಹೊತ್ತಿಗೆ ಚಳಿ ಹಿಡಿದು, ಜ್ವರ ಏರಿ, ಮೈಕೈಯೆಲ್ಲ ಹಿಂಡಿದಂತಾಗಿ, ತಲೆ ಎತ್ತಲಾಗದ ಸ್ಥಿತಿ ಬಂದುಬಿಡಬಹುದು. ಜೊತೆಗೆ ಒಣ ಕೆಮ್ಮು, ಗಂಟಲು ನೋವು, ವಿಪರೀತ ಆಯಾಸ ಇರುತ್ತವೆ. ಜ್ವರ ಕೆಲವು ದಿನಗಳಲ್ಲಿ ಇಳಿದರೂ ಕೆಮ್ಮು ಮತ್ತು ಸುಸ್ತು ಎರಡು ವಾರ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಉಳಿಯುತ್ತವೆ.

ಆದರೂ ಲಕ್ಷಣಗಳನ್ನು ನೋಡಿದ ಮಾತ್ರಕ್ಕೆ ಇದು ಫ್ಲೂ, ಇದು ಕೋವಿಡ್, ಇದು ಇನ್ನೊಂದು ಎಂದು ಖಚಿತವಾಗಿ ಹೇಳಲು ಸಾಧ್ಯವಿಲ್ಲ. ಅದಕ್ಕೆ ಮೂಗು ಅಥವಾ ಗಂಟಲಿನ ದ್ರವದ ಪರೀಕ್ಷೆ ಬೇಕು. ಯಾವ ವೈರಸ್ ಎಂಬುದು ಗೊತ್ತಾಗುವವರೆಗೆ ಕಾಯದೆ, ಜ್ವರ ಮತ್ತು ಕೆಮ್ಮು ಎರಡೂ ಇರುವವರು ಸಹೋದ್ಯೋಗಿಗಳಿಂದ ದೂರವಿರುವುದು ಸರಿಯಾದ ಕ್ರಮ.

ಇದು ಅಷ್ಟೊಂದು ಗಂಭೀರವಾದ ಕಾಯಿಲೆಯೇ?

ಬಹುತೇಕ ಜನ ಚಿಕಿತ್ಸೆಯಿಲ್ಲದೆಯೇ ಚೇತರಿಸಿಕೊಳ್ಳುತ್ತಾರೆ ಎಂಬುದು ನಿಜ. ಅದೇ ಕಾರಣಕ್ಕೆ ಇದನ್ನು ಹಗುರವಾಗಿ ಕಾಣುವುದೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿ ವರ್ಷ ಜಗತ್ತಿನಲ್ಲಿ ಸುಮಾರು 100 ಕೋಟಿ ಜನರಿಗೆ ಋತುಮಾನದ ಫ್ಲೂ ತಗಲುತ್ತದೆ. ಅವರಲ್ಲಿ 30ರಿಂದ 50 ಲಕ್ಷ ಮಂದಿಗೆ ಕಾಯಿಲೆ ತೀವ್ರವಾಗುತ್ತದೆ, ಮತ್ತು ಉಸಿರಾಟದ ತೊಂದರೆಗಳಿಂದಲೇ 2.9 ಲಕ್ಷದಿಂದ 6.5 ಲಕ್ಷ ಜನ ಸಾಯುತ್ತಾರೆ. ನ್ಯುಮೋನಿಯಾ ಇದರ ಪರಿಚಿತ ತೊಡಕು. ಹೃದಯಕ್ಕೂ ಇದರಿಂದ ಪೆಟ್ಟು ಬೀಳಬಹುದು: ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಫ್ಲೂ ಖಚಿತವಾದ ನಂತರದ ಮೊದಲ 7 ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಉಳಿದ ದಿನಗಳಿಗಿಂತ ಸುಮಾರು ಆರು ಪಟ್ಟು ಹೆಚ್ಚಿದ್ದದ್ದು ಕಂಡುಬಂದಿತು.

ಕಚೇರಿಯೊಳಗೆ ಸೋಂಕು ಹರಡುವುದು ಹೇಗೆ?

ಸೋಂಕಿತರು ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಹೊರಬೀಳುವ ಹನಿಗಳ ಮೂಲಕವೇ ಮುಖ್ಯವಾಗಿ ಹರಡುತ್ತದೆ. ದೊಡ್ಡ ಹನಿಗಳು ಒಂದೆರಡು ಮೀಟರ್‌ನೊಳಗೆ ಕೆಳಗೆ ಬೀಳುತ್ತವೆ. ಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲುತ್ತ ಉಳಿಯುತ್ತವೆ. ಎರಡನೆಯ ದಾರಿ ಕೈಗಳದು. ಹಾಜರಿಗೆಂದು ಎಲ್ಲರೂ ಬೆರಳೊತ್ತುವ ಯಂತ್ರ, ಲಿಫ್ಟಿನ ಗುಂಡಿ, ನೀರಿನ ಕ್ಯಾನಿನ ನಲ್ಲಿ, ಒಂದು ಪಾಳಿಯವರು ಕಳಚಿಟ್ಟು ಇನ್ನೊಂದು ಪಾಳಿಯವರು ಹಾಕಿಕೊಳ್ಳುವ ಹೆಡ್‌ಸೆಟ್ ಇವೆಲ್ಲ ಆ ದಾರಿಯ ನಿಲ್ದಾಣಗಳು. ಸ್ಟೀಲ್, ಪ್ಲಾಸ್ಟಿಕ್‌ನಂತಹ ಗಟ್ಟಿ ಮೇಲ್ಮೈಗಳ ಮೇಲೆ ಈ ವೈರಸ್ 24ರಿಂದ 48 ಗಂಟೆಗಳವರೆಗೆ ಬದುಕುಳಿಯಬಲ್ಲದು ಎಂದು ಪ್ರಯೋಗಗಳು ತೋರಿಸಿವೆ. ಬಟ್ಟೆ ಮತ್ತು ಕಾಗದದ ಮೇಲೆ ಅದರ ಆಯಸ್ಸು ಇದಕ್ಕಿಂತ ಬಹಳ ಕಡಿಮೆ. ಅಲ್ಲಿ ಕುಳಿತ ವೈರಸ್ ತಾನಾಗಿಯೇ ಯಾರ ದೇಹವನ್ನೂ ಸೇರುವುದಿಲ್ಲ. ಅದನ್ನು ಮುಟ್ಟಿದ ಬೆರಳು ಕಣ್ಣು, ಮೂಗು, ಬಾಯಿಗಳನ್ನು ಮುಟ್ಟಬೇಕು.

ಜ್ವರ ಕಾಣಿಸಿಕೊಳ್ಳುವ ಮೊದಲೇ ಹರಡಬಹುದೇ?

ಹರಡಬಹುದು. ವೈರಸ್ ದೇಹ ಸೇರಿದ 1ರಿಂದ 4 ದಿನಗಳಲ್ಲಿ, ಸಾಮಾನ್ಯವಾಗಿ ಎರಡನೆಯ ದಿನ, ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಆದರೆ ಅದಕ್ಕೆ ಸುಮಾರು ಒಂದು ದಿನ ಮುಂಚಿನಿಂದಲೇ ಆ ವ್ಯಕ್ತಿ ಇತರರಿಗೆ ಸೋಂಕು ದಾಟಿಸಬಲ್ಲರು, ಮತ್ತು ಕಾಯಿಲೆ ಬಿದ್ದ ಮೇಲೆ 5ರಿಂದ 7 ದಿನಗಳವರೆಗೂ ದಾಟಿಸುತ್ತಿರುತ್ತಾರೆ. ಮೊದಲ ಮೂರು ದಿನಗಳಲ್ಲಿ ಇದು ಅತಿ ಹೆಚ್ಚು. ಕಾಯಿಲೆ ಬಿದ್ದವರನ್ನು ಮನೆಗೆ ಕಳುಹಿಸುವ ಕ್ರಮವೊಂದೇ ಸಾಲದು, ಅವರು ಕಾಯಿಲೆ ಬೀಳುವ ಮುನ್ನವೇ ಉಳಿದವರಿಗೆ ರಕ್ಷಣೆ ಇರಬೇಕು ಎನ್ನುವುದು ಇದೇ ಕಾರಣಕ್ಕೆ; ಆ ರಕ್ಷಣೆಯನ್ನು ಕೊಡುವುದು ಲಸಿಕೆ.

ನಾನು ಗಟ್ಟಿಮುಟ್ಟಾಗಿದ್ದೇನೆ, ವಯಸ್ಸೂ ಹೆಚ್ಚಲ್ಲ. ನನಗೇಕೆ ಲಸಿಕೆ?

ಎರಡು ಕಾರಣಗಳಿವೆ. ಮೊದಲನೆಯದು ನಿಮ್ಮದೇ ಹಿತ: ಗಟ್ಟಿಮುಟ್ಟಾದವರನ್ನೂ ಫ್ಲೂ ವಾರಗಟ್ಟಲೆ ಕುಗ್ಗಿಸಬಲ್ಲದು. ಎರಡನೆಯದು ನಿಮ್ಮ ಸುತ್ತಲಿನವರದು. ಪಕ್ಕದ ಮೇಜಿನಲ್ಲಿ ಕುಳಿತವರಿಗೆ ಅಸ್ತಮಾ, ಮಧುಮೇಹ, ಹೃದಯದ ಅಥವಾ ಮೂತ್ರಪಿಂಡದ ತೊಂದರೆ ಇದೆಯೇ ಎಂಬುದು ನಿಮಗೆ ತಿಳಿದಿರುವುದಿಲ್ಲ, ಅವರು ಅದನ್ನು ಹೇಳಿಕೊಳ್ಳಬೇಕಾಗಿಯೂ ಇಲ್ಲ. ಮನೆಯಲ್ಲಿ ಎಳೆಗೂಸು ಇರಬಹುದು. 6 ತಿಂಗಳೊಳಗಿನ ಶಿಶುಗಳಿಗೆ ಫ್ಲೂ ಲಸಿಕೆ ಕೊಡುವಂತಿಲ್ಲವಾದ್ದರಿಂದ ಸುತ್ತಲಿನವರ ರಕ್ಷಣೆಯೇ ಅವುಗಳ ರಕ್ಷಣೆ. 65 ದಾಟಿದ ಹಿರಿಯರಿಗೂ ಫ್ಲೂ ಅಪಾಯಕಾರಿ.

ಇತಿಹಾಸವನ್ನು ನೋಡಿದರೂ ಈ ಲಸಿಕೆಯ ಹುಟ್ಟಿಗೆ ಕಾರಣವಾದದ್ದು ಆರೋಗ್ಯವಂತ ಯುವಕರೇ. ಮನುಷ್ಯರಲ್ಲಿ ಇನ್‌ಫ್ಲುಯೆಂಜಾ ವೈರಸ್ಸನ್ನು 1933ರಲ್ಲಿ ಬೇರ್ಪಡಿಸಿದ ನಂತರ ಅಮೆರಿಕದಲ್ಲಿ ಥಾಮಸ್ ಫ್ರಾನ್ಸಿಸ್ ಮತ್ತು ಜೋನಾಸ್ ಸಾಲ್ಕ್ ಅವರು ಸೇನೆಯ ನೆರವಿನಿಂದ ನಿಷ್ಕ್ರಿಯ ವೈರಸ್ಸಿನ ಲಸಿಕೆಯನ್ನು ಸಿದ್ಧಪಡಿಸಿದರು. ಮೊದಲು ಅದನ್ನು ಪಡೆದವರು ಸೈನಿಕರು, 1945ರಲ್ಲಿ ನಾಗರಿಕರಿಗೂ ಪರವಾನಗಿ ದೊರೆಯಿತು. ಒಂದೇ ಸೂರಿನಡಿ ಉಂಡು, ಮಲಗಿ, ದುಡಿಯುವ ಯುವಕರ ದಂಡಿನಲ್ಲಿ ಫ್ಲೂ ಏನು ಮಾಡುತ್ತದೆ ಎಂಬುದನ್ನು 1918ರ ಮಹಾಮಾರಿ ತೋರಿಸಿಕೊಟ್ಟಿತ್ತು.

ಒಮ್ಮೆ ಹಾಕಿಸಿಕೊಂಡರೆ ಸಾಲದೇ? ಪ್ರತಿ ವರ್ಷ ಏಕೆ?

ವೈರಸ್ಸಿನ ಮೈಮೇಲೆ ಹೀಮಾಗ್ಲುಟಿನಿನ್ ಮತ್ತು ನ್ಯೂರಾಮಿನಿಡೇಸ್ ಎಂಬ ಎರಡು ಪ್ರೋಟೀನುಗಳಿವೆ; ಎಚ್1ಎನ್1, ಎಚ್3ಎನ್2 ಎಂಬ ಹೆಸರುಗಳಲ್ಲಿರುವ ಅಕ್ಷರಗಳು ಇವುಗಳದೇ. ನಮ್ಮ ದೇಹದ ಪ್ರತಿಕಾಯಗಳು ವೈರಸ್ಸನ್ನು ಗುರುತಿಸುವುದು ಈ ಪ್ರೋಟೀನುಗಳಿಂದ. ವೈರಸ್ ತನ್ನನ್ನು ತಾನು ನಕಲು ಮಾಡಿಕೊಳ್ಳುವಾಗ ಸಣ್ಣಪುಟ್ಟ ತಪ್ಪುಗಳಾಗುತ್ತಲೇ ಇರುತ್ತವೆ, ಆ ತಪ್ಪುಗಳು ಕೂಡುತ್ತ ಹೋದಂತೆ ಪ್ರೋಟೀನುಗಳ ಚಹರೆ ಬದಲಾಗುತ್ತದೆ, ಮತ್ತು ಕಳೆದ ವರ್ಷದ ಪ್ರತಿಕಾಯಗಳಿಗೆ ಈ ವರ್ಷದ ವೈರಸ್ಸಿನ ಗುರುತು ಸರಿಯಾಗಿ ಸಿಗದಂತಾಗುತ್ತದೆ. ಇದರ ಜೊತೆಗೆ ಲಸಿಕೆಯಿಂದ ಬಂದ ರಕ್ಷಣೆಯೂ ತಿಂಗಳುಗಳು ಕಳೆದಂತೆ ಕುಂದುತ್ತದೆ.

ಯಾವ ತಳಿಗಳನ್ನು ಲಸಿಕೆಗೆ ಸೇರಿಸಬೇಕೆಂಬುದನ್ನು ಊಹೆಯ ಮೇಲೆ ನಿರ್ಧರಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1952ರಿಂದಲೂ ನಡೆಸಿಕೊಂಡು ಬಂದಿರುವ ನಿಗಾ ಜಾಲದ ಪ್ರಯೋಗಾಲಯಗಳು ವರ್ಷವಿಡೀ ಮಾದರಿಗಳನ್ನು ಪರೀಕ್ಷಿಸುತ್ತವೆ. ಅವುಗಳ ಆಧಾರದ ಮೇಲೆ ಉತ್ತರ ಗೋಳಾರ್ಧಕ್ಕೆ ಫೆಬ್ರವರಿಯಲ್ಲೂ ದಕ್ಷಿಣ ಗೋಳಾರ್ಧಕ್ಕೆ ಸೆಪ್ಟೆಂಬರಿನಲ್ಲೂ ಶಿಫಾರಸು ಹೊರಬೀಳುತ್ತದೆ. ಬಿ ವಿಧದ ಯಮಗಾಟಾ ವಂಶದ ವೈರಸ್ 2020ರ ಮಾರ್ಚ್ ನಂತರ ಎಲ್ಲಿಯೂ ಖಚಿತವಾಗಿ ಪತ್ತೆಯಾಗದ ಕಾರಣ ಅದನ್ನು ಕೈಬಿಡಲು ಸಲಹೆ ನೀಡಲಾಗಿದ್ದು, ನಾಲ್ಕು ತಳಿಗಳ ಲಸಿಕೆಯ ಬದಲು ಮೂರು ತಳಿಗಳ ಲಸಿಕೆ ಮತ್ತೆ ಬಳಕೆಗೆ ಬರುತ್ತಿದೆ. ಮೂರು ತಳಿಗಳದ್ದು ಕಡಿಮೆ ದರ್ಜೆಯ ಲಸಿಕೆ ಎಂದು ಯಾರೂ ಭಾವಿಸಬೇಕಾಗಿಲ್ಲ.

ಲಸಿಕೆ ಹಾಕಿಸಿಕೊಂಡವರಿಗೂ ಫ್ಲೂ ಬಂದದ್ದನ್ನು ನೋಡಿದ್ದೇವೆ. ಹಾಗಾದರೆ ಪ್ರಯೋಜನವೇನು?

ಈ ಪ್ರಶ್ನೆಗೆ ನೇರ ಉತ್ತರವನ್ನೇ ಕೊಡಬೇಕು. ಫ್ಲೂ ಲಸಿಕೆ ನೂರಕ್ಕೆ ನೂರು ರಕ್ಷಣೆ ಕೊಡುವುದಿಲ್ಲ. ಲಸಿಕೆಯಲ್ಲಿರುವ ತಳಿಗಳಿಗೂ ಹರಡುತ್ತಿರುವ ತಳಿಗಳಿಗೂ ಚೆನ್ನಾಗಿ ಹೊಂದಿಕೆಯಾದ ವರ್ಷಗಳಲ್ಲಿ, ವೈದ್ಯರ ಬಳಿಗೆ ಹೋಗಬೇಕಾಗುವಂಥ ಫ್ಲೂ ಬರುವ ಸಾಧ್ಯತೆಯನ್ನು ಅದು ಶೇಕಡ 40ರಿಂದ 60ರಷ್ಟು ತಗ್ಗಿಸುತ್ತದೆ. ಹೊಂದಿಕೆ ಕೆಟ್ಟ ವರ್ಷಗಳಲ್ಲಿ ಇದು ಇನ್ನೂ ಕಡಿಮೆ. ದಡಾರದ ಲಸಿಕೆಯ ಜೊತೆ ಹೋಲಿಸಿದರೆ ಈ ಅಂಕಿ ಬಡವಾಗಿ ಕಾಣುತ್ತದೆ, ಸರಿ. ಆದರೆ ಲಸಿಕೆ ಪಡೆದೂ ಕಾಯಿಲೆ ಬಿದ್ದವರಲ್ಲಿ ಆಸ್ಪತ್ರೆ ಸೇರುವ, ತೀವ್ರ ನಿಗಾ ಘಟಕಕ್ಕೆ ಹೋಗುವ ಪ್ರಮಾಣ ಕಡಿಮೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೇಲಾಗಿ, ಒಂದು ವಿಭಾಗದಲ್ಲಿ ಹೆಚ್ಚು ಜನ ಲಸಿಕೆ ಪಡೆದಷ್ಟೂ ವೈರಸ್ಸಿಗೆ ಒಬ್ಬರಿಂದ ಒಬ್ಬರಿಗೆ ದಾಟಲು ಅವಕಾಶ ಕಡಿಮೆಯಾಗುತ್ತದೆ. ಲಸಿಕೆಯೊಂದನ್ನೇ ನೆಚ್ಚಿಕೊಳ್ಳದೆ ಗಾಳಿ, ಕೈತೊಳೆತ, ರಜೆ ಇವುಗಳ ಬಗ್ಗೆಯೂ ಮುಂದೆ ಇಷ್ಟು ಹೇಳಬೇಕಾಗಿರುವುದು ಈ ಮಿತಿಯ ಕಾರಣದಿಂದಲೇ.

ಲಸಿಕೆಯಿಂದಲೇ ಫ್ಲೂ ಬರುತ್ತದಂತೆ, ನಿಜವೇ?

ಚುಚ್ಚುಮದ್ದಿನ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ. ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ಚುಚ್ಚಿದ ತೋಳು ನೋಯುವುದು, ಕೆಂಪಾಗುವುದು, ಸ್ವಲ್ಪ ಮೈಬಿಸಿ, ಮೈಕೈ ನೋವು ಸಾಮಾನ್ಯ, ಅವು ಒಂದೆರಡು ದಿನಗಳಲ್ಲಿ ಹೋಗುತ್ತವೆ. ಇಂಥ ನಂಬಿಕೆ ಹುಟ್ಟಲು ಇನ್ನೊಂದು ಕಾರಣವೂ ಇದೆ: ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು, ಆ ಅವಧಿಯಲ್ಲಿ ಬೇರೆಡೆಯಿಂದ ತಗುಲಿದ ಸೋಂಕಿನ ಅಪವಾದವೂ ಲಸಿಕೆಯ ತಲೆಗೇ ಬರುತ್ತದೆ. ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆಯಾದ್ದರಿಂದ ಅದನ್ನು ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ತೀರ ಕುಂದಿದವರಿಗೂ ಕೊಡುವುದಿಲ್ಲ.

ಗಂಭೀರ ಅಡ್ಡಪರಿಣಾಮಗಳೇನಾದರೂ ಇವೆಯೇ?

ಇವೆ, ಆದರೆ ತೀರ ವಿರಳ. ತೀವ್ರ ಅಲರ್ಜಿಯ ಪ್ರತಿಕ್ರಿಯೆ ಯಾವ ಲಸಿಕೆಯಿಂದಲಾದರೂ ಆಗಬಹುದು. ಅದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಳ್ಳುವುದರಿಂದ, ಲಸಿಕೆ ಪಡೆದವರನ್ನು 15 ನಿಮಿಷ ಕುಳ್ಳಿರಿಸಿಕೊಳ್ಳುವ ಪದ್ಧತಿ ಬಂದಿದೆ. ನರಗಳನ್ನು ದುರ್ಬಲಗೊಳಿಸುವ ಗಿಯಾನ್ ಬಾರೆ ಸಿಂಡ್ರೋಮ್ ಫ್ಲೂ ಲಸಿಕೆಯಿಂದ ಹೆಚ್ಚಾಗುವುದಾದರೆ ಅದು 10 ಲಕ್ಷ ಡೋಸುಗಳಿಗೆ ಒಂದೆರಡು ಪ್ರಕರಣಗಳಷ್ಟು ಮಾತ್ರ ಎಂದು ಅಂದಾಜಿಸಲಾಗಿದೆ. ಫ್ಲೂ ಸೋಂಕಿನಿಂದಲೂ ಅದೇ ತೊಂದರೆ ಬರಬಹುದು. ಹಿಂದೆ ಯಾವುದೇ ಫ್ಲೂ ಲಸಿಕೆಯ ನಂತರ ತೀವ್ರ ಪ್ರತಿಕ್ರಿಯೆ ಆಗಿದ್ದವರು ಅಥವಾ ಈ ಸಿಂಡ್ರೋಮ್ ಬಂದಿದ್ದವರು ಶಿಬಿರದ ಸಾಲಿನಲ್ಲಿ ನಿಲ್ಲುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು.

ಮೊಟ್ಟೆಯ ಅಲರ್ಜಿ ಇರುವವರು?

ಹಲವು ಫ್ಲೂ ಲಸಿಕೆಗಳ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುವುದರಿಂದ ಈ ಅಳುಕು ಇದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2023ರಿಂದ, ಮೊಟ್ಟೆಯ ಅಲರ್ಜಿ ಇರುವವರಿಗೆ ಎಲ್ಲ ಲಸಿಕೆಗಳಿಗೂ ಅನ್ವಯಿಸುವ ಮಾಮೂಲು ಎಚ್ಚರಿಕೆಗಿಂತ ಹೆಚ್ಚಿನದೇನೂ ಬೇಕಾಗಿಲ್ಲವೆಂದು ಹೇಳಿದೆ. ಮೊಟ್ಟೆಯನ್ನು ಬಳಸದೆ ತಯಾರಿಸಿದ ಲಸಿಕೆಗಳೂ ಇವೆ.

ಗರ್ಭಿಣಿಯರು ಹಾಕಿಸಿಕೊಳ್ಳಬಹುದೇ?

ಹಾಕಿಸಿಕೊಳ್ಳಬಹುದು, ಹಾಕಿಸಿಕೊಳ್ಳಬೇಕೆಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚುಚ್ಚುಮದ್ದಿನ ಲಸಿಕೆಯನ್ನು ಗರ್ಭಾವಸ್ಥೆಯ ಯಾವ ತಿಂಗಳಲ್ಲಾದರೂ ಪಡೆಯಬಹುದು. ಬಸುರಿನಲ್ಲಿ ಫ್ಲೂ ಬಂದರೆ ತಾಯಿಗೆ ತೊಡಕುಗಳು ಹೆಚ್ಚು, ಮತ್ತು ತಾಯಿಯ ಪ್ರತಿಕಾಯಗಳು ಮಗುವಿಗೂ ದಾಟಿ ಹುಟ್ಟಿದ ಮೊದಲ ತಿಂಗಳುಗಳಲ್ಲಿ ಅದನ್ನು ಕಾಯುತ್ತವೆ. ಹಾಲೂಡಿಸುವ ತಾಯಂದಿರಿಗೂ ಅಡ್ಡಿಯಿಲ್ಲ.

ಯಾವ ತಿಂಗಳಲ್ಲಿ ಹಾಕಿಸಿಕೊಳ್ಳುವುದು ಒಳ್ಳೆಯದು?

ನೀವಿರುವ ಪ್ರದೇಶದಲ್ಲಿ ಫ್ಲೂ ಏರುವ ಕಾಲಕ್ಕೆ ಕೆಲವು ವಾರ ಮುಂಚೆ. ಸಮಶೀತೋಷ್ಣ ವಲಯಗಳಲ್ಲಿ ಫ್ಲೂ ಚಳಿಗಾಲದಲ್ಲಿ ಹೆಚ್ಚುತ್ತದೆ. ಉಷ್ಣವಲಯದಲ್ಲಿ ಅದು ಮಳೆಗಾಲದಲ್ಲಿ ಏರಬಹುದು, ವರ್ಷಕ್ಕೆರಡು ಬಾರಿ ಏರಬಹುದು ಅಥವಾ ವರ್ಷವಿಡೀ ಸುಳಿದಾಡುತ್ತಿರಬಹುದು. ಆದ್ದರಿಂದ ಸ್ಥಳೀಯ ಆರೋಗ್ಯ ಇಲಾಖೆಯ ಸೂಚನೆಯನ್ನು ನೋಡಿಕೊಂಡು ಶಿಬಿರದ ದಿನವನ್ನು ಗೊತ್ತುಮಾಡಬೇಕು. ತಡವಾಯಿತೆಂದು ಬಿಟ್ಟುಬಿಡುವುದಕ್ಕಿಂತ ತಡವಾಗಿಯಾದರೂ ಪಡೆಯುವುದು ಮೇಲು.

ಈ ವರ್ಷ ಆಗಲೇ ಒಮ್ಮೆ ಫ್ಲೂ ಬಂದು ಹೋಗಿದೆ. ಇನ್ನೂ ಲಸಿಕೆ ಬೇಕೇ?

ಬೇಕು. ಬಂದು ಹೋದದ್ದು ಒಂದು ತಳಿ, ಹರಡುತ್ತಿರುವವು ಹಲವು. ಪೂರ್ತಿ ಚೇತರಿಸಿಕೊಂಡ ಮೇಲೆ ಹಾಕಿಸಿಕೊಳ್ಳಬಹುದು. ಕೋವಿಡ್ ಲಸಿಕೆಯನ್ನೂ ಅದೇ ದಿನ ಪಡೆಯಲು ಅಡ್ಡಿಯಿಲ್ಲ.

ಕೆಲಸದ ಸ್ಥಳದಲ್ಲೇ ಲಸಿಕಾ ಶಿಬಿರ ನಡೆಸಲು ಏನೇನು ಬೇಕು?

ನೌಕರರು ಲಸಿಕೆ ಪಡೆಯದಿರುವುದಕ್ಕೆ ವಿರೋಧಕ್ಕಿಂತ ಹೆಚ್ಚಾಗಿ ಪುರುಸೊತ್ತಿಲ್ಲದಿರುವುದೇ ಕಾರಣವಾಗಿರುತ್ತದೆ. ಆಸ್ಪತ್ರೆಯಲ್ಲಿ ಅರ್ಧ ದಿನ ಕಳೆಯಬೇಕಾದವರು ಮುಂದೂಡುತ್ತಾರೆ. ಅದೇ ಕಟ್ಟಡದ ಕೆಳಮಹಡಿಯಲ್ಲಿ, ಕೆಲಸದ ವೇಳೆಯಲ್ಲಿ, ಖರ್ಚಿಲ್ಲದೆ ದೊರೆಯುವುದಾದರೆ ಸಾಲಿನಲ್ಲಿ ನಿಲ್ಲುತ್ತಾರೆ. ಪರವಾನಗಿ ಪಡೆದ ಆಸ್ಪತ್ರೆ ಅಥವಾ ಚಿಕಿತ್ಸಾಲಯದೊಂದಿಗೆ ಮೊದಲೇ ಒಪ್ಪಂದ ಮಾಡಿಕೊಂಡು, ಎಷ್ಟು ಡೋಸು ಬೇಕೆಂಬುದನ್ನು ಹೆಸರು ನೋಂದಣಿಯಿಂದ ತಿಳಿದುಕೊಳ್ಳಬೇಕು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಅದು ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿದ್ದನ್ನು ಎಸೆಯಬೇಕೇ ಹೊರತು ಕರಗಿಸಿ ಬಳಸುವಂತಿಲ್ಲ. ತಿಂಡಿಯ ಡಬ್ಬಿಗಳಿರುವ ಪ್ಯಾಂಟ್ರಿಯ ಫ್ರಿಜ್ಜಿನ ಮೂಲೆಗೆ ಲಸಿಕೆಯ ಪೆಟ್ಟಿಗೆಯನ್ನು ತುರುಕುವುದು ಖಂಡಿತ ಸಲ್ಲದು. ತಾಪಮಾಪಕವಿರುವ ಶೀತಲ ಪೆಟ್ಟಿಗೆಯನ್ನು ಶುಶ್ರೂಷಕರೇ ತರುವಂತಿರಬೇಕು.

ಚುಚ್ಚಿಸಿಕೊಳ್ಳುವ ಜಾಗಕ್ಕೆ ಮರೆ ಇರಲಿ, ತೋಳು ಸಡಿಲವಿರುವ ಉಡುಪು ಧರಿಸಿ ಬರುವಂತೆ ಮುನ್ನಾದಿನವೇ ತಿಳಿಸಿ, ನಂತರ 15 ನಿಮಿಷ ಕುಳಿತುಕೊಳ್ಳಲು ಕುರ್ಚಿಗಳಿರಲಿ. ಸೂಜಿ ಕಂಡರೆ ತಲೆ ಸುತ್ತುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರಿಗೆ ಮಲಗಲು ಒಂದು ಮಂಚವಿದ್ದರೆ ಒಳ್ಳೆಯದು. ತೀವ್ರ ಅಲರ್ಜಿಗೆ ಬೇಕಾಗುವ ಅಡ್ರಿನಲಿನ್ ಚುಚ್ಚುಮದ್ದು ಮತ್ತು ಅದನ್ನು ಕೊಡಬಲ್ಲ ವ್ಯಕ್ತಿ ಇಲ್ಲದೆ ಶಿಬಿರವನ್ನು ಆರಂಭಿಸಲೇಬಾರದು. ರಾತ್ರಿ ಪಾಳಿಯವರಿಗಾಗಿ ಬೇರೆ ಹೊತ್ತನ್ನು ಇಡದಿದ್ದರೆ ಅವರು ನಿದ್ದೆಗೆಟ್ಟು ಬರಬೇಕಾಗುತ್ತದೆ, ಅಂದರೆ ಬರುವುದಿಲ್ಲ.

ಲಸಿಕೆಯನ್ನು ಕಡ್ಡಾಯ ಮಾಡಬಹುದೇ?

ಇದು ಆಯಾ ದೇಶದ ಕಾನೂನಿಗೆ ಬಿಟ್ಟ ವಿಷಯ. ರೋಗಿಗಳ ಆರೈಕೆ ಮಾಡುವ ಸಂಸ್ಥೆಗಳಲ್ಲಿ ಕಡ್ಡಾಯಕ್ಕೆ ಬಲವಾದ ಸಮರ್ಥನೆಯಿದೆ. ಉಳಿದ ಕಡೆಗಳಲ್ಲಿ ಒತ್ತಾಯಕ್ಕಿಂತ ಅನುಕೂಲ ಹೆಚ್ಚು ಕೆಲಸ ಮಾಡುತ್ತದೆ. ಯಾರು ಪಡೆದರು, ಯಾರು ಪಡೆಯಲಿಲ್ಲ, ಏಕೆ ಪಡೆಯಲಿಲ್ಲ ಎಂಬುದು ವೈಯಕ್ತಿಕ ಆರೋಗ್ಯ ಮಾಹಿತಿ. ಆ ಪಟ್ಟಿ ಸೂಚನಾ ಫಲಕಕ್ಕೆ ಹೋಗಬಾರದು, ತಂಡದ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಬಾರದು.

ಕೈ ತೊಳೆಯುವುದರಲ್ಲಿ ಹೊಸತೇನಿದೆ?

ಹೊಸತೇನಿಲ್ಲ, ಆದರೆ ಸರಿಯಾಗಿ ತೊಳೆಯುವವರು ಕಡಿಮೆ. ಸೋಪು ಹಚ್ಚಿ ಅಂಗೈ, ಅಂಗೈ ಹಿಂಬದಿ, ಬೆರಳ ಸಂದಿ, ಹೆಬ್ಬೆರಳು, ಉಗುರ ತುದಿಗಳನ್ನು ಕನಿಷ್ಠ 20 ಸೆಕೆಂಡು ಉಜ್ಜಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಹೆಬ್ಬೆರಳು ಮತ್ತು ಉಗುರ ತುದಿ. ನೀರು ಹತ್ತಿರವಿಲ್ಲದಿದ್ದರೆ ಕನಿಷ್ಠ ಶೇಕಡ 60ರಷ್ಟು ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಸಾಕು, ಆದರೆ ಅದು ಒಣಗುವವರೆಗೂ ಉಜ್ಜಬೇಕು, ಮತ್ತು ಎಣ್ಣೆ, ಗ್ರೀಸ್ ಮೆತ್ತಿದ ಕೈಗಳ ಮೇಲೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಕಾರ್ಖಾನೆಗಳಲ್ಲಿ ಸೋಪು, ನೀರಿಗೆ ಬದಲಿಯಿಲ್ಲ. ಊಟಕ್ಕೆ ಮುಂಚೆ, ಮೂಗು ಸೀನಿದ ಮೇಲೆ, ಹಾಜರಿ ಯಂತ್ರವನ್ನು ಮುಟ್ಟಿದ ಮೇಲೆ ತೊಳೆಯುವ ರೂಢಿ ಇರಲಿ.

ಕೆಮ್ಮು, ಸೀನು ಬಂದಾಗ?

ಟಿಶ್ಯೂ ಕಾಗದ ಅಡ್ಡ ಹಿಡಿದು, ಅದನ್ನು ಮುಚ್ಚಳವಿರುವ ಬುಟ್ಟಿಗೆ ಹಾಕಿ, ಕೈ ತೊಳೆಯಬೇಕು. ಕಾಗದವಿಲ್ಲದಿದ್ದರೆ ಮೊಣಕೈಯ ಮಡಿಕೆಗೆ. ಅಂಗೈಗೆ ಸೀನಿ ಅದೇ ಕೈಯಲ್ಲಿ ಬಾಗಿಲ ಹಿಡಿಕೆಯನ್ನು ತಿರುಗಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ದಿನವಿಡೀ ಜೇಬಿನಲ್ಲಿರುವ ಕರವಸ್ತ್ರ ಒದ್ದೆಯಾದಷ್ಟೂ ಸೋಂಕಿನ ಗೂಡಾಗುತ್ತದೆ. ಕೆಮ್ಮು ಇನ್ನೂ ಉಳಿದಿರುವವರು ಮಾಸ್ಕ್ ಧರಿಸಿದರೆ ಹನಿಗಳು ಹೊರಬೀಳುವುದು ಕಡಿಮೆಯಾಗುತ್ತದೆ; ಮಾಸ್ಕ್ ಮೂಗಿನ ಮೇಲೆ ಇರಬೇಕೆಂಬುದನ್ನು ಇನ್ನೂ ಹೇಳಬೇಕಾಗಿದೆ.

ಗಾಳಿಯಾಡುವುದು ಅಷ್ಟು ಮುಖ್ಯವೇ?

ಬಹಳ ಮುಖ್ಯ, ಆದರೆ ಕಣ್ಣಿಗೆ ಕಾಣದ ಕಾರಣ ಇದಕ್ಕೆ ಸ್ಯಾನಿಟೈಸರ್ ಬಾಟಲಿಗೆ ಸಿಗುವಷ್ಟೂ ಗಮನ ಸಿಗುವುದಿಲ್ಲ. 1977ರಲ್ಲಿ ಅಲಾಸ್ಕಾದಲ್ಲಿ ನಡೆದ ಒಂದು ಘಟನೆ ಈ ವಿಷಯದಲ್ಲಿ ಕಣ್ತೆರೆಸುವಂಥದ್ದು. 54 ಜನರಿದ್ದ ವಿಮಾನವೊಂದು ಎಂಜಿನ್ ಕೆಟ್ಟು ಮೂರು ಗಂಟೆ ನೆಲದ ಮೇಲೆಯೇ ನಿಂತಿತು. ಆ ಹೊತ್ತಿನಲ್ಲಿ ಒಳಗಿನ ವಾಯು ಸಂಚಾರದ ವ್ಯವಸ್ಥೆ ಕೆಲಸ ಮಾಡುತ್ತಿರಲಿಲ್ಲ, ಹೆಚ್ಚಿನವರು ಒಳಗೇ ಉಳಿದಿದ್ದರು, ಮತ್ತು ಅವರಲ್ಲಿ ಒಬ್ಬ ಪ್ರಯಾಣಿಕರಿಗೆ ಫ್ಲೂ ಇತ್ತು. 72 ಗಂಟೆಗಳೊಳಗೆ ಶೇಕಡ 72ರಷ್ಟು ಪ್ರಯಾಣಿಕರು ಕಾಯಿಲೆ ಬಿದ್ದರು. ಒಳಗೆ ಹೆಚ್ಚು ಹೊತ್ತು ಕುಳಿತವರಲ್ಲಿ ಕಾಯಿಲೆ ಹೆಚ್ಚು, ಬೇಗ ಇಳಿದವರಲ್ಲಿ ಕಡಿಮೆ.

ಕಿಟಕಿ ತೆರೆಯದ, ಎಸಿ ಹಾಕಿ ಬಾಗಿಲು ಮುಚ್ಚಿದ, ಹತ್ತು ಹನ್ನೆರಡು ಜನ ಎರಡು ಗಂಟೆ ಕುಳಿತು ಚರ್ಚಿಸುವ ಮೀಟಿಂಗ್ ಕೋಣೆಗೂ ಆ ವಿಮಾನಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಸಾಮಾನ್ಯ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ, ಹೊರಗಿನ ಗಾಳಿಯನ್ನು ತರುವುದಿಲ್ಲ. ಗಂಟೆಗೆ ಕನಿಷ್ಠ ಐದು ಬಾರಿ ಕೋಣೆಯ ಗಾಳಿ ಬದಲಾಗುವಷ್ಟು ಶುದ್ಧ ಗಾಳಿ ಬರಬೇಕೆಂಬುದು ತಜ್ಞರ ಗುರಿ. ಕಿಟಕಿ ತೆರೆಯುವುದು, ಗಾಳಿ ಹೊರದೂಡುವ ಫ್ಯಾನು ಅಳವಡಿಸುವುದು, ಕೇಂದ್ರೀಕೃತ ವ್ಯವಸ್ಥೆ ಇರುವಲ್ಲಿ ಉತ್ತಮ ದರ್ಜೆಯ ಫಿಲ್ಟರ್ ಹಾಕಿ ಕಾಲಕಾಲಕ್ಕೆ ಬದಲಿಸುವುದು, ಇವೆಲ್ಲ ಸಾಧ್ಯವಿಲ್ಲದ ಕಡೆ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧಕವನ್ನಿಡುವುದು ಸೂಕ್ತ. ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರನ್ನು ಕೋಣೆಯಲ್ಲಿಟ್ಟರೆ, ಜನರು ಬಿಟ್ಟ ಉಸಿರು ಎಷ್ಟು ಒಟ್ಟಾಗುತ್ತಿದೆ ಎಂಬುದು ಸ್ಥೂಲವಾಗಿ ಕಣ್ಣಿಗೆ ಕಾಣುತ್ತದೆ. ಚರ್ಚೆಯನ್ನು ಮೊಟಕು ಮಾಡುವುದಕ್ಕೆ ಖರ್ಚೇ ಇಲ್ಲ.

ಮೇಜು, ಕೀಬೋರ್ಡ್ ಒರೆಸುತ್ತಿರಬೇಕೇ?

ಹಲವರು ಮುಟ್ಟುವ ವಸ್ತುಗಳನ್ನು ದಿನಕ್ಕೊಮ್ಮೆ, ಪಾಳಿ ಬದಲಾಗುವಾಗ ಇನ್ನೊಮ್ಮೆ ಒರೆಸಿದರೆ ಸಾಕು. ಸಾಮಾನ್ಯ ಸೋಂಕುನಿವಾರಕಗಳೇ ಫ್ಲೂ ವೈರಸ್ಸನ್ನು ಕೊಲ್ಲುತ್ತವೆ, ಆದರೆ ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿರಬೇಕು. ಹೆಡ್‌ಸೆಟ್ ಮಾತ್ರ ಒಬ್ಬರಿಗೆ ಒಂದರಂತೆ ಇರಲಿ. ಇಡೀ ಕಚೇರಿಗೆ ಹೊಗೆಯಂತೆ ಔಷಧ ಸಿಂಪಡಿಸುವ ಆರ್ಭಟದಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ.

ವಿಟಮಿನ್ ಮಾತ್ರೆ, ವ್ಯಾಯಾಮ, ನಿದ್ದೆ ಇವುಗಳಿಂದ ಫ್ಲೂ ತಡೆಯಬಹುದೇ?

ವಿಟಮಿನ್ ಮಾತ್ರೆಗಳು ಲಸಿಕೆಗೆ ಬದಲಿಯಲ್ಲ. ನಿದ್ದೆಯ ವಿಷಯ ಬೇರೆ. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಸ್ಸನ್ನು ಹನಿಸಿದಾಗ, ರಾತ್ರಿ 6 ಗಂಟೆಗಿಂತ ಕಡಿಮೆ ಮಲಗುತ್ತಿದ್ದವರು 7 ಗಂಟೆಗಿಂತ ಹೆಚ್ಚು ಮಲಗುತ್ತಿದ್ದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ನೆಗಡಿಗೆ ತುತ್ತಾದರು. ಅದು ಫ್ಲೂ ವೈರಸ್ ಅಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೂ, ಸತತ ರಾತ್ರಿ ಪಾಳಿ ಹಾಕುವ ಮೇಲ್ವಿಚಾರಕರು ಇದನ್ನು ಗಮನಿಸುವುದು ಒಳ್ಳೆಯದು. ಧೂಮಪಾನ ಬಿಡುವುದರಿಂದ ಶ್ವಾಸಕೋಶಕ್ಕೆ ಖಂಡಿತ ಲಾಭವಿದೆ.

ಸ್ವಲ್ಪ ಜ್ವರವಿದ್ದರೂ ಕೆಲಸಕ್ಕೆ ಬಂದರೆ ತಪ್ಪೇನು? ಕೆಲಸ ನಿಲ್ಲುವುದಿಲ್ಲವಲ್ಲ?

ಒಬ್ಬರ ಕೆಲಸ ನಿಲ್ಲದಿರಲೆಂದು ಬಂದು ನಾಲ್ವರ ಕೆಲಸ ನಿಲ್ಲಿಸಿದಂತಾಗುತ್ತದೆ. ಬೆಳಿಗ್ಗೆ ಪ್ಯಾರಸಿಟಮಾಲ್ ನುಂಗಿದರೆ ಜ್ವರ ಇಳಿಯುತ್ತದೆ, ಸೋಂಕು ಹರಡುವುದು ನಿಲ್ಲುವುದಿಲ್ಲ. ಪ್ರವೇಶದ್ವಾರದ ಥರ್ಮಾಮೀಟರ್ ಅಂಥವರನ್ನು ಹಿಡಿಯಲಾರದು. ಅಂದಹಾಗೆ, ಹೀಗೆ ಬರುವವರನ್ನೇ ದೂರುವುದು ನ್ಯಾಯವಲ್ಲ. ರಜೆ ಹಾಕಿದರೆ ಆ ದಿನದ ಸಂಬಳ ಕಡಿತವಾಗುತ್ತದೆ, ಪೂರ್ಣ ಹಾಜರಿಗೆ ಕೊಡುವ ಭತ್ಯೆ ತಪ್ಪುತ್ತದೆ, ಮರುದಿನ ಮೇಲಧಿಕಾರಿಯ ಮುಖ ಗಂಟಾಗಿರುತ್ತದೆ ಎಂದಾದರೆ ಯಾರಾದರೂ ಮಾತ್ರೆ ನುಂಗಿಯೇ ಬರುತ್ತಾರೆ. ಬಾಗಿಲಿನಲ್ಲಿ ಸ್ಯಾನಿಟೈಸರ್ ಇಟ್ಟು, ಗೋಡೆಗೆ ಭಿತ್ತಿಪತ್ರ ಅಂಟಿಸಿ, ಜ್ವರದಲ್ಲಿ ಮನೆಯಲ್ಲುಳಿದವರ ಸಂಬಳ ಕಡಿಯುವ ಸಂಸ್ಥೆ ಫ್ಲೂ ತಡೆಯಲು ಏನನ್ನೂ ಮಾಡಿಲ್ಲವೆಂದೇ ಹೇಳಬೇಕು.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಕಾಯಿಲೆಯ ರಜೆಗೆ ವೇತನ ಇರಲಿ. ಮೊದಲ ಎರಡು ಮೂರು ದಿನಗಳಿಗೆ ವೈದ್ಯರ ಪ್ರಮಾಣಪತ್ರ ಕೇಳಬೇಡಿ. ಅದಕ್ಕಾಗಿಯೇ ಜ್ವರದಲ್ಲಿ ಬಳಲುವವರು ಚಿಕಿತ್ಸಾಲಯದ ಸಾಲಿನಲ್ಲಿ ಕುಳಿತು ಇನ್ನಷ್ಟು ಜನರಿಗೆ ಹರಡುತ್ತಾರೆ. ಪೂರ್ಣ ಹಾಜರಿಯ ಬಹುಮಾನವನ್ನು ಕೈಬಿಡಿ. ಮನೆಯಿಂದ ಮಾಡಬಹುದಾದ ಕೆಲಸವಿದ್ದು, ಮಾಡುವಷ್ಟು ತ್ರಾಣ ಅವರಿಗಿದ್ದರೆ ಅನುಮತಿ ಕೊಡಿ, ಆದರೆ ಜ್ವರದಲ್ಲಿ ಮಲಗಿದವರಿಂದ ಕೆಲಸವನ್ನು ನಿರೀಕ್ಷಿಸಬೇಡಿ. ಪ್ರತಿ ಮುಖ್ಯ ಕೆಲಸವನ್ನೂ ಬಲ್ಲ ಇನ್ನೊಬ್ಬರನ್ನು ಮೊದಲೇ ತಯಾರು ಮಾಡಿಡಿ. ಮತ್ತು ಮೇಲಧಿಕಾರಿಗಳು ತಾವೇ ಕೆಮ್ಮುತ್ತ ಬಂದು ಸಭೆ ನಡೆಸಿದರೆ ಈ ನಿಯಮಗಳನ್ನು ಯಾರೂ ನಂಬುವುದಿಲ್ಲ.

ಕೆಲಸಕ್ಕೆ ಮರಳುವುದು ಯಾವಾಗ?

ಜ್ವರ ಇಳಿಸುವ ಮಾತ್ರೆಯ ನೆರವಿಲ್ಲದೆ ಪೂರ್ತಿ 24 ಗಂಟೆ ಜ್ವರವಿಲ್ಲದಿದ್ದು, ಉಳಿದ ಲಕ್ಷಣಗಳೂ ಇಳಿಮುಖವಾಗಿರಬೇಕು. ಅದರ ನಂತರದ ಐದು ದಿನ ಮಾಸ್ಕ್ ಧರಿಸಿ, ಸಾಧ್ಯವಾದಷ್ಟು ಅಂತರ ಕಾಯ್ದುಕೊಳ್ಳುವುದು ಒಳ್ಳೆಯದು. ಭಾರ ಎತ್ತುವ, ಯಂತ್ರ ನಡೆಸುವ ಕೆಲಸದವರಿಗೆ ಜ್ವರ ಬಿಟ್ಟ ಮೇಲೂ ನಿಶ್ಶಕ್ತಿ ಇರುತ್ತದೆ. ಅವರಿಗೆ ಕೆಲವು ದಿನ ಹಗುರ ಕೆಲಸ ಕೊಡಬೇಕು.

ಫ್ಲೂಗೆ ಔಷಧವಿದೆಯೇ? ಆ್ಯಂಟಿಬಯೋಟಿಕ್ ತೆಗೆದುಕೊಳ್ಳಬಹುದೇ?

ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ವೈರಸ್ಸನ್ನಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಕೊಂಡು ಮೂರು ದಿನ ನುಂಗುವ ಅಭ್ಯಾಸ ಅಪಾಯಕಾರಿ. ಫ್ಲೂ ವೈರಸ್ಸಿಗೇ ಆಗುವ ಒಸೆಲ್ಟಾಮಿವಿರ್‌ನಂತಹ ಔಷಧಗಳಿವೆ. ಲಕ್ಷಣಗಳು ಕಾಣಿಸಿಕೊಂಡ 48 ಗಂಟೆಗಳೊಳಗೆ ಆರಂಭಿಸಿದರೆ ಅವು ಹೆಚ್ಚು ಕೆಲಸ ಮಾಡುತ್ತವೆ. ಅದನ್ನು ವೈದ್ಯರೇ ಬರೆದುಕೊಡಬೇಕು. ಆದ್ದರಿಂದ ಗರ್ಭಿಣಿಯರು, ಹಿರಿಯರು, ದೀರ್ಘಕಾಲದ ಕಾಯಿಲೆ ಇರುವವರು ನೋಡೋಣವೆಂದು ಕಾಯದೆ ಮೊದಲ ದಿನವೇ ವೈದ್ಯರನ್ನು ಕಾಣಬೇಕು. ಉಳಿದವರಿಗೆ ವಿಶ್ರಾಂತಿ, ಸಾಕಷ್ಟು ನೀರು, ಜ್ವರಕ್ಕೆ ಪ್ಯಾರಸಿಟಮಾಲ್ ಸಾಕಾಗುತ್ತದೆ. ಮನೆಯ ಮಕ್ಕಳಿಗೆ ಫ್ಲೂ ಬಂದಾಗ ಆಸ್ಪಿರಿನ್ ಕೊಡಬಾರದು. ಅದು ಮಿದುಳು ಮತ್ತು ಯಕೃತ್ತಿಗೆ ಹಾನಿ ಮಾಡುವ ರೈಸ್ ಸಿಂಡ್ರೋಮ್‌ಗೆ ಎಡೆಮಾಡಬಲ್ಲದು.

ಉಸಿರು ಕಟ್ಟುವುದು, ಎದೆಯಲ್ಲಿ ನೋವು ಅಥವಾ ಒತ್ತಡ, ಗೊಂದಲದ ಮಾತು, ಮೂತ್ರ ಹೋಗದಿರುವುದು, ಇಳಿದ ಜ್ವರ ಮತ್ತೆ ಜೋರಾಗಿ ಮರಳುವುದು ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಒಂದೇ ವಿಭಾಗದಲ್ಲಿ ಒಬ್ಬರಾದ ಮೇಲೆ ಒಬ್ಬರು ಮಲಗತೊಡಗಿದರೆ?

ಕೆಲವು ದಿನಗಳಲ್ಲಿ ಮೂರು ನಾಲ್ಕು ಜನ ಜ್ವರದ ರಜೆ ಹಾಕಿದರೆ ಅದನ್ನು ಕಾಕತಾಳೀಯವೆಂದು ಬಿಡಬಾರದು. ಆ ವಿಭಾಗದ ಮುಖಾಮುಖಿ ಸಭೆಗಳನ್ನು ವಾರದ ಮಟ್ಟಿಗೆ ನಿಲ್ಲಿಸಿ, ಊಟದ ವೇಳೆಯನ್ನು ಎರಡು ಗುಂಪುಗಳಾಗಿ ಹಂಚಿ, ಕಿಟಕಿಗಳನ್ನು ತೆರೆದಿಡಿ. ಲಸಿಕೆ ಪಡೆಯದವರಿಗೆ ಈಗಲೂ ಅವಕಾಶ ಕೊಡಿ. ಸೋಂಕಿತರ ಹೆಸರು ಹೇಳದೆ, ನಿಮ್ಮ ಮಹಡಿಯಲ್ಲಿ ಫ್ಲೂ ಕಾಣಿಸಿಕೊಂಡಿದೆ ಎಂದಷ್ಟೇ ಎಲ್ಲರಿಗೂ ತಿಳಿಸಿದರೆ, ಅಪಾಯ ಹೆಚ್ಚಿರುವವರು ತಮ್ಮ ವೈದ್ಯರೊಡನೆ ಮಾತನಾಡಿ ಮುನ್ನೆಚ್ಚರಿಕೆ ವಹಿಸಬಹುದು.

ಗುತ್ತಿಗೆ ನೌಕರರನ್ನೂ ಈ ಕಾರ್ಯಕ್ರಮಕ್ಕೆ ಸೇರಿಸಬೇಕೇ?

ಸೇರಿಸಲೇಬೇಕು. ಶುಚಿತ್ವ ಸಿಬ್ಬಂದಿ ಎಲ್ಲ ಮಹಡಿಗಳ ಎಲ್ಲ ಮೇಜುಗಳನ್ನೂ ಒರೆಸುತ್ತಾರೆ, ಟಿಶ್ಯೂ ಬುಟ್ಟಿಗಳನ್ನು ಅವರೇ ಖಾಲಿ ಮಾಡುತ್ತಾರೆ. ಕಾವಲುಗಾರರು ಒಳಬರುವ ಪ್ರತಿಯೊಬ್ಬರನ್ನೂ ಎದುರುಗೊಳ್ಳುತ್ತಾರೆ. ಕ್ಯಾಂಟೀನಿನವರ ಕೈಯಿಂದ ಎಲ್ಲರ ತಟ್ಟೆಗಳೂ ಹಾದುಹೋಗುತ್ತವೆ. ಇಡೀ ಕಟ್ಟಡದಲ್ಲಿ ಅತಿ ಹೆಚ್ಚು ಜನರ ಹತ್ತಿರ ಸುಳಿಯುವವರು ಇವರೇ ಆದರೂ, ಸಂಬಳದ ಪಟ್ಟಿ ಬೇರೆ ಸಂಸ್ಥೆಯದ್ದೆಂಬ ಕಾರಣಕ್ಕೆ ಶಿಬಿರದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುವುದೂ ಇವರದೇ. ಗುತ್ತಿಗೆ ಒಪ್ಪಂದವನ್ನು ಬರೆಯುವಾಗಲೇ ಲಸಿಕೆಯ ವೆಚ್ಚವನ್ನೂ ವೇತನ ಸಹಿತ ಕಾಯಿಲೆ ರಜೆಯನ್ನೂ ಅದರಲ್ಲಿ ನಮೂದಿಸಬೇಕು, ಏಕೆಂದರೆ ಒಂದು ದಿನದ ಕೂಲಿ ತಪ್ಪಿದರೆ ತಾಳಿಕೊಳ್ಳಲಾಗದವರು ಜ್ವರವಿದ್ದರೂ ಬಂದೇ ಬರುತ್ತಾರೆ. ಶಿಬಿರದ ಸೂಚನೆಯನ್ನು ಇಮೇಲಿನಲ್ಲಿ ಮಾತ್ರ ಕಳುಹಿಸಿದರೆ ಅದು ಇವರಿಗೆ ತಲುಪುವುದಿಲ್ಲ. ಅವರ ಮೇಲ್ವಿಚಾರಕರ ಮೂಲಕ, ಅವರಿಗೆ ತಿಳಿಯುವ ಭಾಷೆಯಲ್ಲಿ, ಬಾಯಿಮಾತಿನಲ್ಲಿ ಹೇಳಬೇಕು.